ಕಾಮ್ 3 ಅಂತ ಬರುತ್ತೆ, ನೆಟ್‌ವರ್ಕ್ ಬರಲ್ಲ: ನನ್ನ ಪೈ ಝೀರೋ ಹಾಳಾಗಿದೆಯಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದೇನೆ. ಊರು ಬ್ಯಾಡಗಿ ಹತ್ತಿರ. ನಮ್ಮ ಕಾಕಾ ಅಲ್ಲಿ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುತ್ತಾರೆ. ಮೆಣಸಿನಕಾಯಿ ಚೀಲ ಇಡುವ ಕೋಣೆಯ ಉಷ್ಣತೆಯನ್ನು ತಾನಾಗಿಯೇ ಬರೆದಿಡುವ ಸಾಧನ ಮಾಡಿಕೊಡುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ವೈಫೈ ಇಲ್ಲದ ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ತಗೊಂಡೆ. ಅದನ್ನು ಆಫೀಸಿನ ಕಂಪ್ಯೂಟರ್‌ಗೆ ಯುಎಸ್‌ಬಿ ಕೇಬಲ್‌ನಿಂದಲೇ ಜೋಡಿಸಿ, ಅದೇ ಕೇಬಲ್‌ನಲ್ಲಿ ಕರೆಂಟ್ ಮತ್ತು ನೆಟ್‌ವರ್ಕ್ ಎರಡೂ ಕೊಡಬೇಕು ಎನ್ನುವುದು ನನ್ನ ಲೆಕ್ಕ. ಕಾಲೇಜಿನಲ್ಲಿ ಗೆಳೆಯನ ಹಳೇ ಮೆಮೊರಿ ಕಾರ್ಡ್ ಹಾಕಿ, ಅವನ ಉಬುಂಟು ಲ್ಯಾಪ್‌ಟಾಪ್‌ಗೆ ಜೋಡಿಸಿದಾಗ ತಕ್ಷಣ ಬಂತು. ಬೋರ್ಡ್ ರೀಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಸೆಟ್ಟಿಂಗ್ ಮಾಡಬೇಕಾಯಿತು. ಆಮೇಲೆ ಯೂಟ್ಯೂಬ್ ನೋಡಿ ನಾನೇ ಹೊಸ ಕಾರ್ಡ್ ಮಾಡಿಕೊಂಡೆ. ಆಫೀಸಿನ ವಿಂಡೋಸ್ ಕಂಪ್ಯೂಟರ್‌ನಲ್ಲಿ ಅದು ಕಾಮ್ 3 ಎಂಬ ಸೀರಿಯಲ್ ಪೋರ್ಟ್ ಅಂತ ಬರುತ್ತದೆ, ನೆಟ್‌ವರ್ಕ್ ಬರುವುದಿಲ್ಲ. ಬೇರೆ ಕೇಬಲ್ ಹಾಕಿದರೆ ಅದೂ ಇಲ್ಲ, ದೀಪ ಮಾತ್ರ ಮಿನುಗುತ್ತದೆ. ಒಬ್ಬರು ಬೋರ್ಡ್ ಹೋಗಿದೆ ಅಂತಾರೆ. ಇನ್ನೊಬ್ಬರು ಓಟಿಜಿ ಕೇಬಲ್ ಬೇಕು ಅಂತಾರೆ. ಮತ್ತೊಬ್ಬರು ವಿಂಡೋಸ್‌ನಲ್ಲಿ ಇದು ಆಗೋದೇ ಇಲ್ಲ ಅಂತಾರೆ. ಹತ್ತು ದಿನ ಆಯ್ತು. ಹೊಸ ಬೋರ್ಡ್ ತಗೊಳ್ಳಲಾ? ಈ ಕೇಬಲ್‌ನಿಂದಲೇ ಬೋರ್ಡ್‌ಗೆ ಇಂಟರ್ನೆಟ್ ಕೊಡಬಹುದಾ?

ಉತ್ತರ: ಹೊಸ ಬೋರ್ಡ್ ತಗೊಳ್ಳಬೇಡಿ. ನಿಮ್ಮ ಬೋರ್ಡ್ ಚೆನ್ನಾಗಿದೆ. ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ: ಕಾಮ್ 3.

ಕಾಮ್ 3 ಅಂತ ಬರಬೇಕಾದರೆ ಏನೇನು ಸರಿ ಇರಬೇಕು ನೋಡಿ. ಕಾರ್ಡ್‌ನಿಂದ ಬೋರ್ಡ್ ಶುರುವಾಗಿರಬೇಕು. ಕೇಬಲ್‌ನಲ್ಲಿ ಡೇಟಾ ತಂತಿ ಇರಬೇಕು. ಸರಿಯಾದ ಪೋರ್ಟ್‌ಗೇ ಹಾಕಿರಬೇಕು. ನೀವು ಬರೆದ ಸೆಟ್ಟಿಂಗ್ ಸಾಲುಗಳನ್ನು ಬೋರ್ಡ್ ಓದಿ, "ನಾನೊಂದು ಯುಎಸ್‌ಬಿ ಸಾಧನ" ಎಂದು ಕಂಪ್ಯೂಟರ್‌ಗೆ ಹೇಳಿರಬೇಕು. ಇಷ್ಟೂ ಆಗಿದೆ. ಕಂಪ್ಯೂಟರ್ ಅದರ ಮಾತು ಕೇಳಿಸಿಕೊಂಡಿದೆ, ಯಾವ ಸಾಧನ ಎಂದು ಗುರುತಿಸುವಾಗ ಎಡವಿದೆ. ಧಾರವಾಡದಲ್ಲಿ ಹುಡುಗರಿಗೆ ಇಂಥ ಬೋರ್ಡ್‌ಗಳ ಕೆಲಸ ಹೇಳಿಕೊಡುವಾಗ ನಾನು ಮತ್ತೆ ಮತ್ತೆ ಇದನ್ನೇ ನೋಡಿದ್ದೇನೆ. ಮುಕ್ಕಾಲು ದಾರಿ ಬಂದವರು, ಏನೂ ಆಗಿಲ್ಲ ಅಂದುಕೊಂಡು ಮೊದಲಿನಿಂದ ಕಾರ್ಡ್ ಬರೆಯಲು ಕೂರುತ್ತಾರೆ.

ನಿಮ್ಮ ತೊಂದರೆ ಒಂದಲ್ಲ, ಮೂರಿವೆ. ಒಂದು ಕೇಬಲ್‌ದು, ಒಂದು ವಿಂಡೋಸ್‌ದು, ಒಂದು ನೆಟ್‌ವರ್ಕ್ ವಿಳಾಸದ್ದು. ಮೂರನ್ನೂ ಒಟ್ಟಿಗೆ ಹಿಡಿದುಕೊಂಡರೆ ತಲೆ ಕೆಡುತ್ತದೆ. ಕೆಳಗಿನಿಂದ ಮೇಲೆ ಹೋಗೋಣ.

ಒಂದು ಮಾತು ಮೊದಲೇ ಹೇಳುತ್ತೇನೆ. ಫೈಲ್ ಹೆಸರು, ಸೆಟ್ಟಿಂಗ್ ಸಾಲುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಎಲ್ಲವನ್ನೂ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಹಾಕಿ. ಕೆಳಗೆ ಬರುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಫೋಲ್ಡರ್ ಹೆಸರಿನಲ್ಲಿ ಮಾತ್ರ ಎನ್ ಮತ್ತು ಎಂ ದೊಡ್ಡ ಅಕ್ಷರ.

ಮೊದಲು ಕೇಬಲ್. ದೀಪ ಮಾತ್ರ ಮಿನುಗಿ ಕಂಪ್ಯೂಟರ್‌ಗೆ ಏನೂ ಗೊತ್ತಾಗದ ಆ ಎರಡನೇ ಕೇಬಲ್ ಬರೀ ಚಾರ್ಜಿಂಗ್ ಕೇಬಲ್ ಇರಬೇಕು. ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ತಂತಿ ಇರುತ್ತವೆ. ಎರಡು ಕರೆಂಟ್‌ಗೆ, ಎರಡು ಡೇಟಾಗೆ. ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿಗಳನ್ನೇ ಬಿಟ್ಟಿರುತ್ತಾರೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ದಪ್ಪ ಇದೆ, ಬಟ್ಟೆ ಸುತ್ತಿದೆ, ಬೆಲೆ ಜಾಸ್ತಿ ಇದೆ ಅಂದ ಮಾತ್ರಕ್ಕೆ ಡೇಟಾ ಹೋಗುತ್ತದೆ ಎಂದೇನಿಲ್ಲ. ಪರೀಕ್ಷೆ ಸುಲಭ: ಅದೇ ಕೇಬಲ್‌ನಿಂದ ಒಂದು ಹಳೇ ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ ಫೋಟೋ ಕಾಪಿ ಮಾಡಿ ನೋಡಿ. ಆಗಲಿಲ್ಲ ಅಂದರೆ ಆ ಕೇಬಲ್ ಪಕ್ಕಕ್ಕಿಡಿ. ಕೊಪ್ಪಿಕರ್ ರಸ್ತೆ ಕಡೆ ಕೇಬಲ್ ತಗೊಳ್ಳುವಾಗಲೂ "ಡೇಟಾ ಕೇಬಲ್ ಕೊಡಿ" ಎಂದು ಕೇಳಿ, ಅಂಗಡಿಯಲ್ಲೇ ಫೋನ್ ಹಾಕಿ ನೋಡಿಕೊಂಡು ಬನ್ನಿ.

ಪೋರ್ಟ್ ಬಗ್ಗೆಯೂ ಹೇಳಿಬಿಡುತ್ತೇನೆ, ನಿಮ್ಮಂತೆ ಓದುವ ಬೇರೆಯವರಿಗೆ ಬೇಕಾಗುತ್ತದೆ. ಝೀರೋದಲ್ಲಿ ಒಂದೇ ತರಹದ ಎರಡು ಮೈಕ್ರೋ ಯುಎಸ್‌ಬಿ ಪೋರ್ಟ್ ಇವೆ. ಅಂಚಿನ ಕಡೆ ಇರುವುದು ಬರೀ ಕರೆಂಟ್‌ಗೆ, ಅದರ ಪಕ್ಕ ಪವರ್ ಇನ್ ಎಂದು ಅಚ್ಚಾಗಿದೆ. ಎಚ್‌ಡಿಎಂಐ ಕಡೆಗೆ ಇರುವುದು ಡೇಟಾ ಪೋರ್ಟ್. ಒಂದೇ ಕೇಬಲ್ ಬಳಸುವುದಾದರೆ ಡೇಟಾ ಪೋರ್ಟ್‌ಗೇ ಹಾಕಬೇಕು. ಕರೆಂಟೂ ಅಲ್ಲಿಂದಲೇ ಸಿಗುತ್ತದೆ.

ಓಟಿಜಿ ಕೇಬಲ್ ಬೇಕು ಎನ್ನುವುದು ಪೂರ್ತಿ ಉಲ್ಟಾ ಮಾತು. ಓಟಿಜಿ ಅಡಾಪ್ಟರ್ ಒಳಗೆ ಐದನೇ ಪಿನ್ ಒಂದಿದೆ. ಅದನ್ನು ಗ್ರೌಂಡ್‌ಗೆ ಸೇರಿಸಿರುತ್ತಾರೆ. ಆ ಪಿನ್ ಗ್ರೌಂಡ್ ಆದ ತಕ್ಷಣ ಬೋರ್ಡ್ "ಇಲ್ಲಿ ನಾನೇ ಯಜಮಾನ" ಎಂದು ತಿಳಿದುಕೊಳ್ಳುತ್ತದೆ. ಪೆನ್‌ಡ್ರೈವ್, ಕೀಬೋರ್ಡ್ ಜೋಡಿಸುವಾಗ ಅದು ಬೇಕು. ನಿಮಗೆ ಬೋರ್ಡ್ ಕಂಪ್ಯೂಟರ್‌ನ ಅಧೀನದಲ್ಲಿರಬೇಕು. ಸಾದಾ ಡೇಟಾ ಕೇಬಲ್ಲೇ ಸರಿ. ಓಟಿಜಿ ಹಾಕಿದರೆ ಈಗ ಬರುತ್ತಿರುವ ಕಾಮ್ 3 ಕೂಡ ಹೋಗುತ್ತದೆ.

ಹಾಗೇ ಇನ್ನೊಂದು. ಎಲ್ಲ ಪೈ ಬೋರ್ಡ್‌ಗಳಲ್ಲೂ ಈ ಕೆಲಸ ಆಗುವುದಿಲ್ಲ. ಪೈ 2, ಪೈ 3 ಬಿ ಬೋರ್ಡ್‌ಗಳಲ್ಲಿ ಯುಎಸ್‌ಬಿ ಪೋರ್ಟ್‌ಗಳ ಹಿಂದೆ ಒಂದು ಹಬ್ ಚಿಪ್ ಕೂತಿದೆ, ಅವು ಸಾಧನದಂತೆ ನಡೆದುಕೊಳ್ಳಲಾರವು. ಝೀರೋ ಬಳಗದಲ್ಲಿ ಆಗುತ್ತದೆ. ಪೈ 4ರಲ್ಲಿ ಕರೆಂಟ್ ಕೊಡುವ ಸಿ ಪೋರ್ಟ್‌ನಿಂದ ಆಗುತ್ತದೆ. ನೀವು ತಗೊಂಡ ಬೋರ್ಡ್ ಸರಿಯಾದದ್ದೇ.

ಈಗ ಕಾಮ್ 3. ಸೆಟ್ಟಿಂಗ್‌ನಲ್ಲಿ ನೀವು ಹಾಕಿದ ಜಿ_ಈಥರ್ ಎನ್ನುವ ಮಾಡ್ಯೂಲ್, ವಿಂಡೋಸ್ ಎದುರು ಆರ್‌ಎನ್‌ಡಿಐಎಸ್ ಎನ್ನುವ ನೆಟ್‌ವರ್ಕ್ ಸಾಧನವಾಗಿ ನಿಲ್ಲುತ್ತದೆ. ಪ್ರತಿ ಯುಎಸ್‌ಬಿ ಸಾಧನವೂ ತಾನು ಯಾವ ಜಾತಿ ಎಂದು ಅಂಕಿಗಳಲ್ಲಿ ಹೇಳುತ್ತದೆ. ಆರ್‌ಎನ್‌ಡಿಐಎಸ್ ಹೇಳುವ ಮೊದಲ ಎರಡು ಅಂಕಿಗಳೂ ಹಳೇ ಕಾಲದ ಮೋಡೆಮ್ ಹೇಳುವ ಅಂಕಿಗಳೂ ಒಂದೇ. ವಿಂಡೋಸ್ 10 ಬಂದಾಗಿನಿಂದ ಆ ಜಾತಿಯ ಸಾಧನಕ್ಕೆ ಸೀರಿಯಲ್ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಂ) ತಾನಾಗಿಯೇ ಅಂಟಿಕೊಳ್ಳುತ್ತದೆ. ಅದಕ್ಕೇ ನಿಮಗೆ ಕಾಮ್ ಪೋರ್ಟ್ ಕಾಣುವುದು. ಉಬುಂಟು ಹೀಗೆ ಎಡವುವುದಿಲ್ಲ, ಡ್ರೈವರ್ ಹಾಕುವ ಕೆಲಸವೂ ಅಲ್ಲಿಲ್ಲ. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ತಕ್ಷಣ ಬಂದದ್ದು ಇದೇ ಕಾರಣಕ್ಕೆ. ಹಾಗಾಗಿ "ವಿಂಡೋಸ್‌ನಲ್ಲಿ ಆಗೋದೇ ಇಲ್ಲ" ಎನ್ನುವುದು ಅರ್ಧ ಸತ್ಯ. ಆಗುತ್ತದೆ, ಡ್ರೈವರ್ ಕೈಯಾರೆ ಬದಲಿಸಬೇಕು.

ಡಿವೈಸ್ ಮ್ಯಾನೇಜರ್ ತೆಗೆದು ಕಾಮ್ 3 ಮೇಲೆ ಬಲ ಕ್ಲಿಕ್ ಮಾಡಿ, ಅಪ್‌ಡೇಟ್ ಡ್ರೈವರ್ ಆರಿಸಿ. ಇಂಟರ್ನೆಟ್‌ನಲ್ಲಿ ಹುಡುಕಲು ಬಿಡಬೇಡಿ. ಕಂಪ್ಯೂಟರ್‌ನಲ್ಲೇ ಇರುವ ಪಟ್ಟಿಯಿಂದ ನಾನೇ ಆರಿಸುತ್ತೇನೆ ಎನ್ನುವ ದಾರಿ ಹಿಡಿಯಿರಿ. ಹೊಂದುವ ಸಾಧನ ಮಾತ್ರ ತೋರಿಸು ಎಂಬ ಟಿಕ್ ತೆಗೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ವಿಭಾಗ ಸಿಕ್ಕರೆ ಅಲ್ಲಿ ಮೈಕ್ರೋಸಾಫ್ಟ್ ಹೆಸರಿನ ಕೆಳಗೆ ರಿಮೋಟ್ ಎನ್‌ಡಿಐಎಸ್ ಕಂಪ್ಯಾಟಿಬಲ್ ಡಿವೈಸ್ ಇರುತ್ತದೆ, ಅದನ್ನು ಆರಿಸಿ. ಎಚ್ಚರಿಕೆ ಬಂದರೆ ಒಪ್ಪಿಕೊಳ್ಳಿ. ಕಾಮ್ 3 ಮಾಯವಾಗಿ ನೆಟ್‌ವರ್ಕ್ ಅಡಾಪ್ಟರ್‌ಗಳ ಸಾಲಿನಲ್ಲಿ ಅದೇ ಸಾಧನ ಕಾಣಿಸುತ್ತದೆ.

ಕೆಲವು ಕಂಪ್ಯೂಟರ್‌ಗಳಲ್ಲಿ ಆ ಪಟ್ಟಿ ಸಿಗುವುದೇ ಇಲ್ಲ, ಬರೀ ಪೋರ್ಟ್‌ಗಳನ್ನು ತೋರಿಸುತ್ತದೆ. ಆಗ ಜನ ಯಾವುದೋ ಸೈಟಿನಿಂದ ಡ್ರೈವರ್ ಜಿಪ್ ಇಳಿಸಿಕೊಳ್ಳುತ್ತಾರೆ. ಅದಕ್ಕೆ ಸಹಿ ಇಲ್ಲ ಅಂತ ವಿಂಡೋಸ್ ತಡೆದರೆ, ಆ ಸಹಿ ಪರೀಕ್ಷೆಯನ್ನೇ ಆಫ್ ಮಾಡುತ್ತಾರೆ. ಇದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅದು ಕಾಕಾ ಅವರ ಆಫೀಸಿನ ಕಂಪ್ಯೂಟರ್. ರೈತರ ಚೀಲಗಳ ಲೆಕ್ಕ, ಬಾಡಿಗೆ ಬಿಲ್ಲು ಎಲ್ಲ ಅದರಲ್ಲೇ ಇರುತ್ತದೆ ಅಲ್ವಾ? ಮೈಕ್ರೋಸಾಫ್ಟ್‌ನವರದೇ ಅಪ್‌ಡೇಟ್ ಕ್ಯಾಟಲಾಗ್‌ನಲ್ಲಿ ಸಹಿ ಇರುವ ಆರ್‌ಎನ್‌ಡಿಐಎಸ್ ಡ್ರೈವರ್ ಹುಡುಕಿಕೊಳ್ಳಿ. ಆಫೀಸಿನದು ವಿಂಡೋಸ್ 11 ಆಗಿದ್ದರೆ ಇನ್ನೊಂದು ದಾರಿಯಿದೆ. ಅದರಲ್ಲಿ ಎನ್‌ಸಿಎಂ ಎನ್ನುವ ಹೊಸ ಬಗೆಯ ಯುಎಸ್‌ಬಿ ನೆಟ್‌ವರ್ಕ್‌ಗೆ ಡ್ರೈವರ್ ಮೊದಲೇ ಇದೆ. ಕಾರ್ಡ್‌ನಲ್ಲಿ ಜಿ_ಈಥರ್ ಬದಲು ಜಿ_ಎನ್‌ಸಿಎಂ ಎಂದು ಬರೆದು ನೋಡಬಹುದು. ವಿಂಡೋಸ್ 10ಕ್ಕೆ ಈ ದಾರಿ ಬೇಡ.

ಡ್ರೈವರ್ ಸರಿಯಾದ ಮೇಲೂ ಪಿಂಗ್ (ಆ ಕಡೆಯ ಸಾಧನ ಉತ್ತರ ಕೊಡುತ್ತದಾ ಎಂದು ನೋಡುವ ಪರೀಕ್ಷೆ) ಹೋಗದಿರಬಹುದು. ಹೋಗುವುದಿಲ್ಲ ಎಂದೇ ನನ್ನ ಅಂದಾಜು. ಇಲ್ಲಿ ಸ್ವಲ್ಪ ನಿಂತು ಓದಿ, ಜಾಸ್ತಿ ಜನ ಸೋಲುವುದು ಇಲ್ಲೇ.

ನೀವು ನೋಡಿದ ವಿಡಿಯೋ ಹಳೆಯದಿರಬೇಕು. 2023ರ ಅಕ್ಟೋಬರ್‌ನಲ್ಲಿ ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಎಂಬ ಆವೃತ್ತಿ ಬಂದಾಗ ಪೈನ ಒಳಗಿನ ನೆಟ್‌ವರ್ಕ್ ವ್ಯವಸ್ಥೆಯೇ ಬದಲಾಯಿತು. ಮೊದಲು ಡಿಎಚ್‌ಸಿಪಿಸಿಡಿ ಎನ್ನುವ ಪ್ರೋಗ್ರಾಂ ಇತ್ತು. ಯುಎಸ್‌ಬಿ0 ಎಂಬ ಹೊಸ ದಾರಿ ಕಂಡ ಕೂಡಲೇ ಅದು ತಾನೇ ಒಂದು ವಿಳಾಸ ಕೊಟ್ಟುಬಿಡುತ್ತಿತ್ತು. ಗೆಳೆಯನ ಹಳೇ ಕಾರ್ಡ್ ಏನೂ ಮಾಡದೆ ಕೆಲಸ ಮಾಡಿದ್ದು ಅದರಿಂದ. ಈಗ ಆ ಜಾಗಕ್ಕೆ ನೆಟ್‌ವರ್ಕ್‌ಮ್ಯಾನೇಜರ್ ಬಂದಿದೆ. ಇದರ ಜೊತೆ ಬರುವ ಒಂದು ನಿಯಮದ ಫೈಲ್, ಗ್ಯಾಜೆಟ್ ಜಾತಿಯ (ಬೋರ್ಡೇ ಯುಎಸ್‌ಬಿ ಸಾಧನವಾಗಿ ನಿಲ್ಲುವ) ಯಾವ ದಾರಿಯನ್ನೂ ನೀನು ಮುಟ್ಟಬೇಡ ಎಂದು ಹೇಳಿಟ್ಟಿದೆ. ಕೇಬಲ್ ಸರಿ, ಡ್ರೈವರ್ ಸರಿ, ಆದರೆ ಪೈ ಕಡೆ ವಿಳಾಸವೇ ಇಲ್ಲ. ಮನೆ ಇದೆ, ಬಾಗಿಲ ಮೇಲೆ ನಂಬರ್ ಇಲ್ಲ. ವಿಂಡೋಸ್ ಕಡೆ ಮಾತ್ರ 169.254 ಎಂದು ಶುರುವಾಗುವ ವಿಳಾಸ ಬಂದಿರುತ್ತದೆ. ಅದನ್ನು ನೋಡಿ ಜನ ತಪ್ಪು ಅಂದುಕೊಳ್ಳುತ್ತಾರೆ. ವಿಳಾಸ ಹಂಚುವವರು ಯಾರೂ ಇಲ್ಲದಾಗ ಸಾಧನ ತಾನೇ ಆರಿಸಿಕೊಳ್ಳುವ ವಿಳಾಸ ಅದು, ಲಿಂಕ್-ಲೋಕಲ್ ಎನ್ನುತ್ತಾರೆ. ಎರಡೂ ಕಡೆ ಅದೇ ಬಗೆಯ ವಿಳಾಸ ಇದ್ದರೆ ಆರಾಮಾಗಿ ಮಾತಾಡಿಕೊಳ್ಳುತ್ತವೆ.

ಸರಿಪಡಿಸಲು ಗೆಳೆಯನ ಉಬುಂಟು ಲ್ಯಾಪ್‌ಟಾಪೇ ಬೇಕು. ಕಾರ್ಡ್‌ನಲ್ಲಿ ಎರಡು ಭಾಗ ಇವೆ, ವಿಂಡೋಸ್‌ಗೆ ಒಂದೇ ಕಾಣುತ್ತದೆ. ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಭಾಗ ತೆಗೆದು ಯುಎಸ್‌ಆರ್, ಅದರೊಳಗೆ ಲಿಬ್, ಅದರೊಳಗೆ ಯುಡೆವ್, ಅದರೊಳಗೆ ರೂಲ್ಸ್.ಡಿ ಫೋಲ್ಡರ್‌ಗೆ ಹೋಗಿ. ಅಲ್ಲಿ 85-ಎನ್‌ಎಂ-ಅನ್‌ಮ್ಯಾನೇಜ್ಡ್.ರೂಲ್ಸ್ ಎಂಬ ಫೈಲ್ ಇದೆ. ಅದನ್ನು ಅಲ್ಲೇ ತಿದ್ದಬೇಡಿ, ಮುಂದಿನ ಅಪ್‌ಡೇಟ್ ಬಂದರೆ ಅಳಿಸಿಹೋಗುತ್ತದೆ. ಕಾರ್ಡ್‌ನಲ್ಲೇ ಇರುವ ಇಟಿಸಿ ಫೋಲ್ಡರ್‌ನ ಯುಡೆವ್ ಒಳಗಿನ ರೂಲ್ಸ್.ಡಿಗೆ ಕಾಪಿ ಮಾಡಿ, ಅಲ್ಲಿ ಗ್ಯಾಜೆಟ್ ಎಂದಿರುವ ಸಾಲಿನ ಕೊನೆಯ 1 ಅನ್ನು 0 ಮಾಡಿ. ಆಮೇಲೆ ಕಾರ್ಡ್‌ನ ಅದೇ ಇಟಿಸಿಯಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಫೋಲ್ಡರ್‌ನ ಸಿಸ್ಟಂ-ಕನೆಕ್ಷನ್ಸ್ ಒಳಗೆ ಯುಎಸ್‌ಬಿ0.ಎನ್‌ಎಂಕನೆಕ್ಷನ್ ಎಂಬ ಹೊಸ ಫೈಲ್ ಮಾಡಿ. ಕನೆಕ್ಷನ್ ವಿಭಾಗದಲ್ಲಿ ಐಡಿ=ಯುಎಸ್‌ಬಿ0, ಟೈಪ್=ಈಥರ್ನೆಟ್, ಇಂಟರ್‌ಫೇಸ್-ನೇಮ್=ಯುಎಸ್‌ಬಿ0 ಎಂದು ಒಂದೊಂದು ಸಾಲು. ಐಪಿವಿ4 ವಿಭಾಗದಲ್ಲಿ ಮೆಥಡ್=ಲಿಂಕ್-ಲೋಕಲ್ ಎಂದು ಒಂದು ಸಾಲು. ಫೈಲ್‌ನ ಒಡೆಯ ರೂಟ್ (ಮುಖ್ಯ ಬಳಕೆದಾರ) ಆಗಿರಬೇಕು, ಅನುಮತಿ 600 (ಒಡೆಯ ಮಾತ್ರ ಓದಿ ಬರೆಯುವಂತೆ) ಇರಬೇಕು. ಇಲ್ಲದಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಓದುವುದೇ ಇಲ್ಲ, ತಪ್ಪು ಎಂದು ನಿಮಗೆ ಹೇಳುವುದೂ ಇಲ್ಲ. ಇದೊಂದರಲ್ಲೇ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ.

ಬೋರ್ಡ್ ಜೋಡಿಸಿದ ಮೇಲೆ ಎರಡು ಮೂರು ನಿಮಿಷ ಸುಮ್ನೆ ಬಿಡಿ. ಹಳೇ ಝೀರೋ ಒಂದೇ ಕೋರ್‌ನ ಬೋರ್ಡ್, ನಿಧಾನ. ಹೊಸ ಕಾರ್ಡ್‌ನ ಮೊದಲ ಸಲವಂತೂ ಇನ್ನೂ ನಿಧಾನ. ಆಮೇಲೆ ರಾಸ್ಪ್‌ಬೆರಿಪೈ.ಲೋಕಲ್ ಎಂಬ ಹೆಸರಿಗೆ ಪಿಂಗ್ ಮಾಡಿ.

ಹಳೇ ವಿಡಿಯೋ ಇನ್ನೂ ಎರಡು ಕಡೆ ದಾರಿ ತಪ್ಪಿಸುತ್ತದೆ. ಪೈ ಎಂಬ ಹೆಸರು, ರಾಸ್ಪ್‌ಬೆರಿ ಎಂಬ ಪಾಸ್‌ವರ್ಡ್ ಮೊದಲೇ ಇರುತ್ತಿದ್ದ ಕಾಲ 2022ರ ಏಪ್ರಿಲ್‌ಗೆ ಮುಗಿಯಿತು. ಕಾರ್ಡ್ ಬರೆಯುವಾಗಲೇ ಇಮೇಜರ್‌ನಲ್ಲಿ (ಕಾರ್ಡ್ ಬರೆಯುವ ಪ್ರೋಗ್ರಾಂ) ನಿಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ಲಾಗಿನ್ ಆಗುವ ದಾರಿ) ಆನ್ ಮಾಡಬೇಕು. ಇನ್ನೊಂದು, ಹೊಸ ಕಾನ್ಫಿಗ್.ಟಿಎಕ್ಸ್‌ಟಿ ಫೈಲ್‌ನಲ್ಲಿ ಡಿಟಿಓವರ್‌ಲೇ=ಡಿಡಬ್ಲ್ಯೂಸಿ2 ಎಂಬ ಸಾಲು ಮೊದಲೇ ಇದ್ದಂತೆ ಕಾಣುತ್ತದೆ. ಅದು ಸಿಎಂ5 ಎಂಬ ಬೇರೆ ಬೋರ್ಡ್‌ನ ವಿಭಾಗದಲ್ಲಿರುವ ಸಾಲು, ನಿಮ್ಮ ಝೀರೋಗೆ ತಗಲುವುದಿಲ್ಲ. ನಿಮ್ಮ ಸಾಲು ಕೊನೆಯ ಆಲ್ ಎಂಬ ವಿಭಾಗದ ಕೆಳಗೆ ಬರಬೇಕು. ನಿಮಗೆ ಕಾಮ್ 3 ಬಂದಿದೆ ಎಂದರೆ ಇದನ್ನು ನೀವು ಸರಿಯಾಗೇ ಹಾಕಿದ್ದೀರಿ. ಏನೂ ಕಾಣದವರು ಮೊದಲು ಇಲ್ಲಿ ನೋಡಲಿ.

ರೀಸ್ಟಾರ್ಟ್ ಆದ ಮೇಲೆ ಮತ್ತೆ ಸೆಟ್ಟಿಂಗ್ ಮಾಡಬೇಕಾಯಿತು ಎಂದಿದ್ದೀರಿ. ಅದಕ್ಕೂ ಕಾರಣ ಇದೆ. ಜಿ_ಈಥರ್ ಪ್ರತಿ ಸಲ ಶುರುವಾದಾಗ ಹೊಸ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಹುಟ್ಟಿಸಿಕೊಳ್ಳುತ್ತದೆ. ಉಬುಂಟುವಿಗೆ ಅದು ದಿನಾ ಬೇರೆ ನೆಟ್‌ವರ್ಕ್ ಕಾರ್ಡ್. ನಿನ್ನೆ ಮಾಡಿದ ಸೆಟ್ಟಿಂಗ್ ಇವತ್ತಿನ ಕಾರ್ಡ್‌ಗೆ ಸೇರುವುದಿಲ್ಲ. ಸಿಎಂಡಿಲೈನ್.ಟಿಎಕ್ಸ್‌ಟಿ ಫೈಲ್‌ನ ಅದೇ ಒಂದು ಸಾಲಿನ ಕೊನೆಗೆ ಜಾಗ ಬಿಟ್ಟು ಜಿ_ಈಥರ್.ಹೋಸ್ಟ್_ಎಡಿಡಿಆರ್=02:00:00:00:00:01 ಎಂದೂ, ಮತ್ತೆ ಜಾಗ ಬಿಟ್ಟು ಜಿ_ಈಥರ್.ಡೆವ್_ಎಡಿಡಿಆರ್=02:00:00:00:00:02 ಎಂದೂ ಸೇರಿಸಿ. 02ರಿಂದ ಶುರುವಾಗುವ ವಿಳಾಸ ನಮ್ಮ ನಮ್ಮೊಳಗಿನ ಬಳಕೆಗೆ ಬಿಟ್ಟದ್ದು, ಬೇರೆ ಕಂಪನಿಯ ಕಾರ್ಡ್‌ಗೆ ಅಡ್ಡ ಬರುವುದಿಲ್ಲ. ಆ ಫೈಲ್‌ನಲ್ಲಿ ಎಂಟರ್ ಒತ್ತಬೇಡಿ. ಎಲ್ಲ ಒಂದೇ ಸಾಲಿನಲ್ಲಿ ಇರಬೇಕು.

ಇಂಟರ್ನೆಟ್ ಕೊಡಬಹುದಾ ಎಂದು ಕೇಳಿದ್ದೀರಿ. ಕೊಡಬಹುದು. ವಿಂಡೋಸ್‌ನ ಇಂಟರ್ನೆಟ್ ಹಂಚಿಕೆ ಆನ್ ಮಾಡಿದರೆ ಕಂಪ್ಯೂಟರ್ 192.168.137.1 ಆಗುತ್ತದೆ. ಪೈ ಕಡೆ ಲಿಂಕ್-ಲೋಕಲ್ ಬದಲು ಆಟೋ ಎಂದು ಬರೆದರೆ ಅದಕ್ಕೂ ವಿಳಾಸ ಸಿಗುತ್ತದೆ. ಇದರ ಉಲ್ಟಾ, ಪೈನಲ್ಲಿ ಮೆಥಡ್=ಶೇರ್ಡ್ ಎಂದು ಬರೆದು ಪೈ ಕೈಯಲ್ಲೇ ವಿಳಾಸ ಹಂಚಿಸುವ ದಾರಿಯೂ ಇದೆ. ನೋಡಲು ಸುಲಭ. ಆದರೆ ಆಗ ಆಫೀಸಿನ ಕಂಪ್ಯೂಟರ್ ಹೊರಗಿನ ಇಂಟರ್ನೆಟ್‌ಗೂ ಪೈ ಕಡೆಯಿಂದಲೇ ಹೋಗಲು ನೋಡಬಹುದು, ಅಲ್ಲಿ ಇಂಟರ್ನೆಟ್ ಇರುವುದಿಲ್ಲ. ಮಾರುಕಟ್ಟೆ ದಿನ ಬಿಲ್ಲು ಮಾಡುವ ಹೊತ್ತಿಗೆ ನೆಟ್ ನಿಂತರೆ ಬೈಸಿಕೊಳ್ಳುವವರು ಕಾಕಾ. ಬರೀ ಉಷ್ಣತೆಯ ಫೈಲ್ ತೆಗೆದುಕೊಳ್ಳಲು ಇಂಟರ್ನೆಟ್ ಬೇಕಿಲ್ಲ. ಲಿಂಕ್-ಲೋಕಲ್ ಸಾಕು, ಅದು ಕಂಪ್ಯೂಟರ್‌ನ ಬೇರೆ ಯಾವ ಸಂಪರ್ಕವನ್ನೂ ಮುಟ್ಟುವುದಿಲ್ಲ. ನಾನಾಗಿದ್ದರೆ ಅದನ್ನೇ ಇಡುತ್ತಿದ್ದೆ.

ನೀವು ಕೇಳದ ಮೂರು ವಿಷಯ ಹೇಳಬೇಕು. ಕೇಬಲ್ ಕೆಲಸ ಮಾಡಿದ ಮೇಲೆ ಇವೇ ನಿಮ್ಮನ್ನು ಕಾಡುವುದು.

ಯುಎಸ್‌ಬಿ 2.0 ಕೇಬಲ್‌ನ ಮಿತಿ 5 ಮೀಟರ್. ಆಫೀಸಿನಿಂದ ಕೋಣೆಗೆ ಅದಕ್ಕಿಂತ ದೂರ ಇದ್ದೇ ಇರುತ್ತದೆ. ಬೋರ್ಡನ್ನು ಕಂಪ್ಯೂಟರ್ ಪಕ್ಕದಲ್ಲೇ ಇಡಿ, ಕೋಣೆಗೆ ಸೆನ್ಸರ್ ತಂತಿ ಮಾತ್ರ ಎಳೆಯಿರಿ. ಡಿಎಸ್18ಬಿ20 ಎಂಬ ಸೆನ್ಸರ್ ನೀರು ಒಳಗೆ ಹೋಗದ ಸ್ಟೀಲ್ ಕೊಳವೆಯಲ್ಲಿ ಸಿಗುತ್ತದೆ. ಮೂರು ತಂತಿ, ಒಂದು 4.7 ಕಿಲೋ ಓಮ್ ರೆಸಿಸ್ಟರ್, ಇಷ್ಟೇ. ಹತ್ತಿಪ್ಪತ್ತು ಮೀಟರ್ ತಂತಿಗೆ ನನಗೆ ತೊಂದರೆ ಆಗಿಲ್ಲ. ಬೋರ್ಡ್ ತಣ್ಣನೆ ಕೋಣೆಯಲ್ಲಿಟ್ಟು ಆಗಾಗ ಹೊರಗೆ ತಂದರೆ ಅದರ ಮೇಲೆ ನೀರು ಕೂರುತ್ತದೆ. ಆಗ ನಿಜವಾಗಿಯೂ ಬೋರ್ಡ್ ಹೋಗುತ್ತದೆ.

ಸಂಜೆ ಕಂಪ್ಯೂಟರ್ ಆಫ್ ಮಾಡಿದರೆ ಬೋರ್ಡೂ ಆಫ್ ಆಗಬಹುದು. ರಾತ್ರಿಯ ಉಷ್ಣತೆಯೇ ನಿಮಗೆ ಮುಖ್ಯ ಅಲ್ವಾ? ಹಾಗಾಗಿ ಪವರ್ ಪೋರ್ಟ್‌ಗೆ ಬೇರೆ ಚಾರ್ಜರ್ ಕೊಡಿ, ಸಾಧ್ಯವಾದರೆ ಯುಪಿಎಸ್ ಮೇಲಿಂದ. ಕರೆಂಟ್ ಹೋಗಿ ಬಂದು ಮಾಡಿದರೆ ಕಾರ್ಡ್ ಕೆಡುತ್ತದೆ. ಆದರೆ ಇಲ್ಲೊಂದು ಅಪಾಯ ಇದೆ. ಝೀರೋದಲ್ಲಿ ಎರಡೂ ಪೋರ್ಟ್‌ಗಳ 5 ವೋಲ್ಟ್ ಒಂದೇ ಗೆರೆಗೆ ಸೇರಿದೆ. ಎರಡೂ ಕಡೆ ಹಾಕಿದರೆ ಚಾರ್ಜರ್‌ನ ಕರೆಂಟ್ ಕಂಪ್ಯೂಟರ್‌ನ ಪೋರ್ಟ್ ಒಳಗೆ ಹಿಮ್ಮುಖವಾಗಿ ಹೋಗಬಹುದು. ಡೇಟಾ ಕೇಬಲ್‌ನ ಕೆಂಪು ತಂತಿ ಮಾತ್ರ ಕತ್ತರಿಸಿ ಟೇಪ್ ಸುತ್ತಿ. ಕಪ್ಪು ತಂತಿ ಹಾಗೇ ಇರಲಿ, ಅದಿಲ್ಲದೆ ಡೇಟಾ ಹೋಗುವುದಿಲ್ಲ. ಬಣ್ಣ ನಂಬಬೇಡಿ, ಮಲ್ಟಿಮೀಟರ್ ಹಿಡಿದು ನೋಡಿಯೇ ಕತ್ತರಿಸಿ. ವೋಲ್ಟೇಜ್ ಕಡಿಮೆ ಆಗಿದೆಯಾ ಎಂದು ಪೈಯನ್ನೇ ಕೇಳುವ ಕಮಾಂಡ್ ಒಂದಿದೆ, ಅದನ್ನು ಇಲ್ಲಿ ನಂಬಬೇಡಿ. ಝೀರೋದಲ್ಲಿ ಅದನ್ನು ಅಳೆಯುವ ಸರ್ಕ್ಯೂಟೇ ಇಲ್ಲ, ಯಾವಾಗಲೂ ಸರಿಯಿದೆ ಎಂದೇ ಹೇಳುತ್ತದೆ.

ಕೊನೆಯದು ಗಡಿಯಾರ. ಝೀರೋದಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಹೋದರೆ ಸಮಯ ಅಲ್ಲೇ ನಿಲ್ಲುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ತಾನಾಗಿ ಸರಿಹೋಗುವುದೂ ಇಲ್ಲ. ರಾತ್ರಿ ಎರಡು ಗಂಟೆಗೆ ಕೋಣೆ ಬಿಸಿಯಾದರೆ ಫೈಲ್‌ನಲ್ಲಿ ಸಂಜೆ ಏಳು ಎಂದು ಬರೆದಿರುತ್ತದೆ. ಆ ಲೆಕ್ಕ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಡಿಎಸ್3231 ಎಂಬ ಪುಟ್ಟ ಗಡಿಯಾರದ ಬೋರ್ಡ್ ಸಿಗುತ್ತದೆ, ಮೇಲೊಂದು ಬಟನ್ ಸೆಲ್ ಇರುತ್ತದೆ. ಐ2ಸಿ (ಬೋರ್ಡ್ ಇಂಥ ಚಿಪ್‌ಗಳ ಜೊತೆ ಮಾತಾಡುವ ದಾರಿ) ಆನ್ ಮಾಡಿ, ಕಾನ್ಫಿಗ್ ಫೈಲ್‌ನಲ್ಲಿ ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231 ಎಂದು ಒಂದು ಸಾಲು ಸೇರಿಸಿ, ಒಂದು ಸಲ ಸರಿಯಾದ ಸಮಯ ಬರೆದಿಡಿ. ಹೊಸ ಬೋರ್ಡ್‌ಗೆ ಎಂದು ತೆಗೆದಿಟ್ಟ ದುಡ್ಡಿನಲ್ಲಿ ಇದನ್ನೂ ಸೆನ್ಸರ್ ಅನ್ನೂ ತಗೊಳ್ಳಿ. ಕಾಲೇಜಿನಲ್ಲೇ ಪೂರ್ತಿ ಜೋಡಿಸಿ ಎರಡು ರಾತ್ರಿ ಓಡಿಸಿ ನೋಡಿ, ಆಮೇಲೆ ಬ್ಯಾಡಗಿಗೆ ಒಯ್ಯಿರಿ.